ಭರವಸೆ ಕೊಟ್ಟವರು ಯಾರು?

ಜೂನ್ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಮುಂದೆ ಒಂದು ಜೀಪು ಬಂದು ನಿಂತಿತು. ತಿತಿಮತಿಯಲ್ಲಿ ಆ ವಾರವೆಲ್ಲ ಮಳೆ ಹಿಡಿದು ಕೂತಿತ್ತು. ಜೀಪಿನಿಂದ ಇಳಿದವನು ನನ್ನ ಹಳೆಯ ಶಿಷ್ಯ. ಈಗ ಅವನಿಗೆ 37 ವರ್ಷ. ಕಾಫಿ ತೋಟಗಳಿಗೆ ಕೆಲಸದವರನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರುವುದು ಅವನ ಉದ್ಯೋಗ. ಹಿಂದೆಯೇ ಅವನ ಮಗಳೂ ಇಳಿದಳು. ಏಳನೇ ಕ್ಲಾಸಿನ ಹುಡುಗಿ, ಆಗಲೇ ಅಪ್ಪನ ಭುಜ ಮುಟ್ಟುವಷ್ಟು ಎತ್ತರ. ಕಂಕುಳಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಇತ್ತು.

ನಾನು ಈ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು 2014ರಲ್ಲಿ ನಿವೃತ್ತನಾದವನು. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಅವನು ಮೊಬೈಲು ತೆಗೆದು ಒಂದು ವಿಡಿಯೋ ತೋರಿಸಿದ. ಮೂರು ದಿನದ ಹಿಂದೆ ಅಮೆರಿಕದಲ್ಲಿ ಎನ್‌ಬಿಎ ಡ್ರಾಫ್ಟ್ ನಡೆದಿತ್ತು. ಕೂಪರ್ ಫ್ಲ್ಯಾಗ್ ಎಂಬ 18 ವರ್ಷದ ಹುಡುಗನನ್ನು ಡಲ್ಲಾಸ್ ಮಾವರಿಕ್ಸ್ ತಂಡ ಮೊದಲನೆಯವನಾಗಿ ಆರಿಸಿಕೊಂಡಿತ್ತು. ಹುಡುಗ ಸೂಟು ಹಾಕಿಕೊಂಡು, ತಂಡದ ಟೋಪಿ ಇಟ್ಟುಕೊಂಡು ನಗುತ್ತಿದ್ದ. ಇವನು ಮುಂದೆ ಏನಾಗುತ್ತಾನೆ, ಯಾವ ದೊಡ್ಡ ಆಟಗಾರನ ಸಾಲಿಗೆ ಸೇರುತ್ತಾನೆ ಎಂದು ನಾಲ್ಕು ಜನ ಮೇಜಿನ ಸುತ್ತ ಕೂತು ಹೇಳುತ್ತಿದ್ದರು.

ನನ್ನ ಶಿಷ್ಯ ಮೊಬೈಲು ಮಡಿಲಲ್ಲಿಟ್ಟುಕೊಂಡು ಕೇಳಿದ: "ಸಾರ್, ಇವಳಿಗೆ ಭವಿಷ್ಯ ಇದೆಯಾ? ನಿಮ್ಮ ಕಣ್ಣಿಗೆ ಗೊತ್ತಾಗುತ್ತೆ. ಒಂದು ಮಾತು ಹೇಳಿ."

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಯಾಕೆಂದರೆ ಇದೇ ಪ್ರಶ್ನೆಗೆ, ಇವನ ವಿಷಯದಲ್ಲೇ, 23 ವರ್ಷಗಳ ಹಿಂದೆ ನಾನು ಯಾರೂ ಕೇಳದೆ ಉತ್ತರ ಕೊಟ್ಟಿದ್ದೆ. "ಮುಂದಿನ ಭಾನುವಾರ ಬನ್ನಿ, ನೋಡೋಣ" ಎಂದು ಹೇಳಿ ಕಳಿಸಿದೆ. ಆ ಒಂದು ವಾರ ನಾನು ಏನೇನು ಯೋಚಿಸಿದೆ ಎಂಬುದೇ ಈ ಬರಹ.

ಮೊದಲು ಆ ಡ್ರಾಫ್ಟಿನ ವಿಷಯ. ನಮ್ಮಲ್ಲಿ ಐಪಿಎಲ್ ಹರಾಜು ಎಲ್ಲರಿಗೂ ಗೊತ್ತು. ಅಲ್ಲಿ ಹಣ ಹೆಚ್ಚು ಕೂಗಿದವನಿಗೆ ಆಟಗಾರ. ಎನ್‌ಬಿಎಯಲ್ಲಿ ಹಾಗಲ್ಲ. ಎರಡು ಸುತ್ತು, ಸುಮಾರು 60 ಹೆಸರು. ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳಬೇಕು. ಹಿಂದಿನ ವರ್ಷ ಸೋತವರಿಗೆ ಮೊದಲು ಆರಿಸುವ ಸಾಧ್ಯತೆ ಹೆಚ್ಚು ಇರುವಂತೆ ಲಾಟರಿ ಎತ್ತುತ್ತಾರೆ. ಬಡವರಿಗೆ ಮೊದಲ ಪಂಕ್ತಿ ಎಂದ ಹಾಗೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೆ ಎಷ್ಟನೆಯವನು ಎಂಬುದರ ಮೇಲೆ ಸಂಬಳದ ಶ್ರೇಣಿ ಗೊತ್ತಾಗಿರುತ್ತದೆ. ಎರಡನೇ ಸುತ್ತಿನವನಿಗೆ ಅಂಥ ಖಾತ್ರಿ ಏನೂ ಇಲ್ಲ. ಹೆಸರು ಕೂಗಿದ್ದಷ್ಟೇ ಲಾಭ.

2025ರಲ್ಲಿ ಡಲ್ಲಾಸ್‌ಗೆ ಮೊದಲ ಸ್ಥಾನ ಸಿಗುವ ಸಾಧ್ಯತೆ ಶೇಕಡಾ 1.8 ಮಾತ್ರ ಇತ್ತು. ಆದರೂ ಸಿಕ್ಕಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, ಫೆಬ್ರವರಿಯಲ್ಲಿ, ಆ ತಂಡ ತನ್ನ ಕಣ್ಮಣಿಯಾಗಿದ್ದ ಲೂಕಾ ಡಾನ್ಚಿಚ್‌ನನ್ನು ಲಾಸ್ ಏಂಜಲೀಸ್‌ಗೆ ಬಿಟ್ಟುಕೊಟ್ಟಿತ್ತು. ಊರಿನ ಅಭಿಮಾನಿಗಳು ರೊಚ್ಚಿಗೆದ್ದಿದ್ದರು. ಹೀಗಾಗಿ ಮೇನ್ ರಾಜ್ಯದ ನ್ಯೂಪೋರ್ಟ್ ಎಂಬ ಪುಟ್ಟ ಊರಿನಿಂದ ಬಂದ ಈ ಹುಡುಗ ಆಡಿದರಷ್ಟೇ ಸಾಲದು. ಒಂದು ನಗರದ ಮುರಿದ ಮನಸ್ಸನ್ನೂ ಅವನು ಕೂಡಿಸಬೇಕು. ಆ ಜಗಳದಲ್ಲಿ ಅವನದೇನೂ ಪಾತ್ರವಿರಲಿಲ್ಲ. ಸಾಲ ಮಾಡಿದವರು ಬೇರೆ, ಕಂತು ಕಟ್ಟಬೇಕಾದವನು ಇವನು.

ಇದೇ ಡಲ್ಲಾಸ್ ತಂಡ ಅದಕ್ಕೆ ಸರಿಯಾಗಿ ಹತ್ತು ವರ್ಷ ಮೊದಲು, 2015ರ ಜೂನ್ 25ರಂದು, ನಮ್ಮವನೊಬ್ಬನ ಹೆಸರು ಕೂಗಿತ್ತು. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್. 7 ಅಡಿ 2 ಅಂಗುಲ ಎತ್ತರ, 19 ವರ್ಷ, 52ನೇ ಆಯ್ಕೆ. ಭಾರತದಲ್ಲಿ ಹುಟ್ಟಿದ ಒಬ್ಬ ಆಟಗಾರ ಎನ್‌ಬಿಎಗೆ ಆಯ್ಕೆಯಾದದ್ದು ಅದೇ ಮೊದಲು. ಅಪ್ಪ ರೈತ, ಅವರೂ ಬಹಳ ಎತ್ತರದ ಆಳು. ಹುಡುಗ ಲೂಧಿಯಾನದ ಅಕಾಡೆಮಿಯಲ್ಲಿ ಎಸ್. ಸುಬ್ರಮಣಿಯನ್ ಎಂಬ ಗುರುಗಳ ಹತ್ತಿರ ಕಲಿತ. 2010ರಲ್ಲಿ, 14ನೇ ವಯಸ್ಸಿನಲ್ಲಿ, ಫ್ಲಾರಿಡಾದ ಅಕಾಡೆಮಿಯೊಂದಕ್ಕೆ ವಿದ್ಯಾರ್ಥಿವೇತನದ ಮೇಲೆ ಹೋದ. ಅವನ ಮೇಲೆ ಮಾಡಿದ ಸಾಕ್ಷ್ಯಚಿತ್ರದ ಹೆಸರೇ "ನೂರು ಕೋಟಿಯಲ್ಲಿ ಒಬ್ಬ" ಎಂಬ ಅರ್ಥದ್ದು. ಆ ಹೆಸರನ್ನು ಇನ್ನೊಮ್ಮೆ ಓದಿ ನೋಡಿ. ಇನ್ನೂ ಒಂದು ಪಂದ್ಯ ಆಡದ ಹುಡುಗನ ಬೆನ್ನ ಮೇಲೆ ನಾವು ನೂರು ಕೋಟಿ ಜನ ಹತ್ತಿ ಕೂತಿದ್ದೆವು.

ಸತ್ನಾಮ್ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಡಲ್ಲಾಸ್‌ನ ಕೆಳದರ್ಜೆಯ ತಂಡವಾದ ಟೆಕ್ಸಾಸ್ ಲೆಜೆಂಡ್ಸ್‌ನಲ್ಲಿ ಎರಡು ಋತು ಬಹುಪಾಲು ಬೆಂಚಿನ ಮೇಲೆ ಕಳೆದ. ಕೆನಡಾದಲ್ಲಿ ಆಡಿದ, ಭಾರತಕ್ಕೂ ಆಡಿದ. ಆಮೇಲೆ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು 2 ವರ್ಷ ನಿಷೇಧಕ್ಕೊಳಗಾದ. ಆಮೇಲೆ ಅಮೆರಿಕದಲ್ಲಿ ಮನರಂಜನೆಯ ಕುಸ್ತಿಗೆ ಇಳಿದ. ಅವನನ್ನು ನೆನೆಸಿಕೊಂಡು "ಪಾಪ, ಏನೂ ಆಗಲಿಲ್ಲ" ಎನ್ನುವವರನ್ನು ಕೇಳಿದ್ದೇನೆ. ಬಲ್ಲೋ ಕೆಯಿಂದ ಹೊರಟು ಡಲ್ಲಾಸ್ ಮುಟ್ಟಿದ್ದು "ಏನೂ ಆಗಲಿಲ್ಲ" ಹೇಗಾಗುತ್ತದೆ?

2015 ಎಂದರೆ ನಮಗೆ ಕೊಡಗಿನವರಿಗೆ ಇನ್ನೊಂದು ಹೆಸರೂ ನೆನಪಾಗುತ್ತದೆ. ಆ ವರ್ಷ ಫೆಬ್ರವರಿ 16ರಂದು ಬೆಂಗಳೂರಿನಲ್ಲಿ ಐಪಿಎಲ್ ಹರಾಜು ನಡೆಯಿತು. ಕೊಡಗು ಮೂಲದ ಸ್ಪಿನ್ನರ್ ಕೆ.ಸಿ. ಕಾರಿಯಪ್ಪನಿಗೆ ಆಗ 20 ವರ್ಷ. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬಿಜಾಪುರ ಬುಲ್ಸ್‌ಗೆ ಆಡಿದ್ದು ಬಿಟ್ಟರೆ ರಾಜ್ಯದ ಹಿರಿಯರ ತಂಡಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ. 10 ಲಕ್ಷ ಮೂಲಬೆಲೆಯ ಹುಡುಗನನ್ನು ಕೋಲ್ಕತ್ತ ನೈಟ್ ರೈಡರ್ಸ್ 2.4 ಕೋಟಿಗೆ ಕೊಂಡಿತು. ಆ ತಂಡದ ಮುಖ್ಯ ಸ್ಪಿನ್ನರ್ ಸುನಿಲ್ ನರೈನ್‌ನ ಬೌಲಿಂಗ್ ಶೈಲಿಯ ಮೇಲೆ ಆಗ ತಕರಾರು ಎದ್ದಿತ್ತು. ಅಂದರೆ ಆ 2.4 ಕೋಟಿಯಲ್ಲಿ ಹುಡುಗನ ಬೆರಳಿನ ಬೆಲೆ ಎಷ್ಟು, ಕೊಂಡವರ ಆತಂಕದ ಬೆಲೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಮಾರನೇ ದಿನ ಪೇಟೆಯ ಹೋಟೆಲಿನಲ್ಲಿ ಪೇಪರು ಹಿಡಿದು ನಾವು ಆಡಿದ ಮಾತುಗಳು ಇನ್ನೂ ನೆನಪಿವೆ. "ನಮ್ಮ ಹುಡುಗ" ಎಂದೆವು. ಅದೇ ತಂಡದಲ್ಲಿ ರಾಬಿನ್ ಉತ್ತಪ್ಪನೂ ಇದ್ದುದರಿಂದ ಹೆಮ್ಮೆ ಇಮ್ಮಡಿಯಾಗಿತ್ತು. ಇಂಡಿಯಾ ಟೀಮಿಗೆ ಎರಡು ವರ್ಷ ಸಾಕು ಎಂದು ಒಬ್ಬರು ಹೇಳಿದರು. "ಒಂದೂವರೆ" ಎಂದೆ ನಾನು. ಆ ಋತುವಿನಲ್ಲಿ ಕಾರಿಯಪ್ಪ ಆಡಿದ್ದು ಒಂದೇ ಪಂದ್ಯ. ಮರುವರ್ಷ ಪಂಜಾಬ್ ತಂಡ 80 ಲಕ್ಷಕ್ಕೆ ತೆಗೆದುಕೊಂಡಿತು. ಆಮೇಲೆ ಅವನು ಕರ್ನಾಟಕಕ್ಕೆ ಟಿ20 ಆಡಿದ, ರಾಜಸ್ಥಾನದ ತಂಡದಲ್ಲೂ ಇದ್ದ. ಒಬ್ಬ ವೃತ್ತಿಪರ ಆಟಗಾರನ ಮರ್ಯಾದೆಯ ಬದುಕು ಅದು. ಆದರೆ ನಮ್ಮ ಹೋಟೆಲಿನ ಮೇಜಿನ ಮೇಲೆ ಬೆಲೆ ಇಳಿದಂತೆ "ನಮ್ಮ ಹುಡುಗ" ಹೋಗಿ "ಆ ಹುಡುಗ" ಆದ. ಹಾಗೆ ಅಂದವರಲ್ಲಿ ನಾನೂ ಒಬ್ಬ.

ನಮ್ಮ ಕ್ರೀಡಾಪುಟಗಳಲ್ಲಿ ಒಂದು ಮಾತು ಸವೆದು ಹೋಗಿದೆ: "ಭರವಸೆಯ ಆಟಗಾರ". ಕನ್ನಡದಲ್ಲಿ ಭರವಸೆ ಎಂಬುದಕ್ಕೆ ಎರಡು ಮುಖ. ಮನಸ್ಸಿನೊಳಗೆ ಇಟ್ಟುಕೊಳ್ಳುವುದೂ ಭರವಸೆ, ಬಾಯಿಬಿಟ್ಟು ಇನ್ನೊಬ್ಬರಿಗೆ ಕೊಡುವುದೂ ಭರವಸೆ. ಮಳೆ ಬರುತ್ತದೆಂಬ ಭರವಸೆ ನನ್ನದು. ರಸ್ತೆ ಹಾಕಿಸುತ್ತೇನೆಂಬ ಭರವಸೆ ಚುನಾವಣೆಗೆ ನಿಂತವನದು. ಮೊದಲನೆಯದು ಸುಳ್ಳಾದರೆ ಮಳೆಯನ್ನು ಯಾರೂ ಬೈಯುವುದಿಲ್ಲ. ಎರಡನೆಯದು ಸುಳ್ಳಾದರೆ ಕೊಟ್ಟವನನ್ನು ಹಿಡಿದು ಕೇಳುತ್ತೇವೆ. ಯುವ ಆಟಗಾರನ ವಿಷಯದಲ್ಲಿ ಈ ಎರಡನ್ನೂ ನಾವು ಕಲಸಿಬಿಡುತ್ತೇವೆ. ಭರವಸೆ ಇಟ್ಟವರು ನಾವು. ಸುಳ್ಳಾದ ದಿನ ಅವನೇ ಕೊಟ್ಟಿದ್ದ ಎಂಬಂತೆ ಲೆಕ್ಕ ಕೇಳುತ್ತೇವೆ. ಅವನು ಯಾವ ಕಾಗದಕ್ಕೂ ರುಜು ಹಾಕಿರುವುದಿಲ್ಲ.

ಈಗ ನನ್ನ ಕತೆ ಹೇಳಬೇಕು.

2002ರಲ್ಲಿ ಇವನು ಎಂಟನೇ ಕ್ಲಾಸಿನಲ್ಲಿದ್ದ. ತೋಟದ ಲೈನ್‌ಮನೆಯ ಹುಡುಗ. ಅಪ್ಪ ಇರಲಿಲ್ಲ, ತಾಯಿ ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದಳು. ನಮ್ಮದು ಹಾಕಿಯ ಜಿಲ್ಲೆ. ಆದರೆ ಹಾಕಿಗೆ ಒಬ್ಬೊಬ್ಬನಿಗೂ ಒಂದೊಂದು ಸ್ಟಿಕ್ ಬೇಕು, ಶೂ ಬೇಕು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಚೆಂಡಿಗೆ ಹತ್ತು ಮಕ್ಕಳು. ಅದಕ್ಕೇ ನಾನು ಶಾಲೆಯ ಮೂಲೆಯಲ್ಲಿ ಕಂಬ ನೆಡಿಸಿ, ಹಲಗೆ ಹೊಡೆಸಿ, ಕಬ್ಬಿಣದ ರಿಂಗು ಬೆಸುಗೆ ಹಾಕಿಸಿದ್ದೆ. 14ನೇ ವಯಸ್ಸಿಗೆ ಅವನು 6 ಅಡಿ ಮುಟ್ಟಿದ್ದ. ಚೆಂಡು ಅವನ ಕೈಗೆ ಅಂಟಿಕೊಂಡಂತೆ ಬರುತ್ತಿತ್ತು. ಒಂದು ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಅವನನ್ನು ಮುಂದೆ ಕರೆದು ನಿಲ್ಲಿಸಿ, ಇಡೀ ಶಾಲೆಯ ಎದುರು ಹೇಳಿದೆ: "ನೋಡ್ಕೊಳ್ಳಿ, ಇವನು ಇಂಡಿಯಾಕ್ಕೆ ಆಡ್ತಾನೆ."

ದೂರದ ಪಟ್ಟಣದ ಒಂದು ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ನಾನೇ ಕರೆದುಕೊಂಡು ಹೋದೆ. ಸೀಟು ಸಿಕ್ಕಿತು. ತಾಯಿ ಕಳಿಸಲು ಒಪ್ಪಲಿಲ್ಲ. ಎರಡು ಸಲ ಲೈನ್‌ಮನೆಗೆ ಹೋಗಿ ಕೂತೆ. "ನಿಮ್ಮ ಮಗನ್ನ ಟಿವಿಯಲ್ಲಿ ನೋಡ್ತೀರಮ್ಮ" ಎಂದೆ. ಆ ಮನೆಯಲ್ಲಿ ಟಿವಿ ಇರಲಿಲ್ಲ. ಕೊನೆಗೆ "ನಿಮ್ಮ ಮಾತಿನ ಮೇಲೆ ಬಿಡ್ತೀನಿ ಸಾರ್" ಎಂದು ಆ ತಾಯಿ ಹೇಳಿದಳು.

ಹುಡುಗ ಹಾಸ್ಟೆಲಿಗೆ ಹೋದ ಮೇಲೆ ಬೆಳೆದದ್ದು ಒಂದೇ ಅಂಗುಲ. ಬೇರೆ ಹುಡುಗರು 16, 17ರಲ್ಲಿ ದಿಢೀರನೆ ಬೆಳೆದು ಅವನನ್ನು ದಾಟಿದರು. ಎರಡನೇ ವರ್ಷ ಮೊಣಕಾಲು ನೋವು ಶುರುವಾಯಿತು. 2006ರಲ್ಲಿ ಟ್ರಂಕು ಹಿಡಿದುಕೊಂಡು ವಾಪಸ್ ಬಂದ. ತಿತಿಮತಿಯ ಬಸ್ ಸ್ಟಾಪಿನಲ್ಲಿ ನನ್ನನ್ನು ಕಂಡರೆ ಅಂಗಡಿಯ ಸಂದಿಗೆ ಸರಿಯುತ್ತಿದ್ದ. ನಾನೂ ಕಂಡೂ ಕಾಣದಂತೆ ನಡೆದುಬಿಡುತ್ತಿದ್ದೆ. ಅವನಿಗೆ ಮುಜುಗರ ಮಾಡಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ತಪ್ಪು ಎಲ್ಲಾಯಿತು ಎಂದು ಈ ವರ್ಷಗಳಲ್ಲಿ ಓದಿ ತಿಳಿದುಕೊಂಡಿದ್ದೇನೆ. ಮಕ್ಕಳ ವಯಸ್ಸು ಬೇರೆ, ಮೂಳೆಯ ವಯಸ್ಸು ಬೇರೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಇನ್ನೆಷ್ಟು ಬೆಳವಣಿಗೆ ಬಾಕಿ ಇದೆ ಎಂದು ವೈದ್ಯರು ಅಂದಾಜು ಮಾಡಬಲ್ಲರು. ಬೇಗ ಬೆಳೆಯುವ ಮಕ್ಕಳು 14ರಲ್ಲಿ ದೈತ್ಯರಂತೆ ಕಾಣುತ್ತಾರೆ, 18ರಲ್ಲಿ ಎಲ್ಲರಂತೆ ಆಗುತ್ತಾರೆ. ನಾನು ಪ್ರತಿಭೆ ಎಂದು ಕೂಗಿದ್ದರಲ್ಲಿ ಅರ್ಧ ಭಾಗ ಕ್ಯಾಲೆಂಡರಿನ ಆಟ. ಕೆನಡಾದ ರೋಜರ್ ಬಾರ್ನ್‌ಸ್ಲಿ ಎಂಬ ಮನಃಶಾಸ್ತ್ರಜ್ಞ 1980ರ ದಶಕದಲ್ಲಿ ಅಲ್ಲಿನ ಐಸ್ ಹಾಕಿಯ ಕಿರಿಯರ ತಂಡಗಳನ್ನು ನೋಡಿ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿರುವುದನ್ನು ತೋರಿಸಿದರು. ವಯೋಮಿತಿಯ ಗೆರೆ ಜನವರಿ 1ಕ್ಕೆ ಇದ್ದುದರಿಂದ ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹನ್ನೊಂದು ತಿಂಗಳು ದೊಡ್ಡದು. ಆ ಹನ್ನೊಂದು ತಿಂಗಳನ್ನೇ ಕೋಚುಗಳು ಪ್ರತಿಭೆ ಎಂದು ಓದಿಕೊಂಡಿದ್ದರು.

ಎಕ್ಸ್‌ರೇ, ಅಂಕಿ ಅಂಶ, ಕೋಟ್ಯಂತರ ಹಣ ಎಲ್ಲ ಇರುವ ಎನ್‌ಬಿಎಯವರೂ ಏನು ಹೆಚ್ಚು ಸರಿ ಹೇಳಿದ್ದಾರೆ? 2013ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಆಂಥನಿ ಬೆನೆಟ್ ನಾಲ್ಕೇ ಋತುಗಳಲ್ಲಿ ಲೀಗಿನಿಂದ ಹೊರಗೆ ಬಿದ್ದ. ಮರುವರ್ಷ 41ನೆಯವನಾಗಿ ಆಯ್ಕೆಯಾದ ನಿಕೋಲಾ ಯೋಕಿಚ್ ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರನಾದ. ಅವನ ಹೆಸರು ಪ್ರಕಟವಾದಾಗ ಟಿವಿಯಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು. ಹರಾಜಿನಲ್ಲಂತೂ ಇನ್ನೊಂದು ತೊಡಕಿದೆ. ಹತ್ತು ಜನ ಒಂದೇ ವಸ್ತುವಿಗೆ ಅಂದಾಜು ಬೆಲೆ ಕಟ್ಟಿದಾಗ ಗೆಲ್ಲುವವನು ಯಾರು? ಎಲ್ಲರಿಗಿಂತ ಮೇಲಕ್ಕೆ ಅಂದಾಜು ಮಾಡಿದವನು. ಅಂದರೆ ಬಹುತೇಕ ಎಲ್ಲರಿಗಿಂತ ಹೆಚ್ಚು ತಪ್ಪಿದವನು. ಹೂಮಳೆ ಬಿದ್ದು ಕಾಫಿ ಗಿಡ ಬೆಳ್ಳಗಾದ ಕೂಡಲೇ ತೋಟದ ಫಸಲಿಗೆ ಬೆಲೆ ಕಟ್ಟಿ ಕೈಸುಟ್ಟುಕೊಂಡ ವ್ಯಾಪಾರಿಗಳು ನಮ್ಮಲ್ಲಿ ಕಡಿಮೆ ಇಲ್ಲ. ಆದರೆ ಅವರಲ್ಲಿ ಯಾರೂ ಗಿಡ ಮೋಸ ಮಾಡಿತು ಎಂದದ್ದು ನಾನು ಕೇಳಿಲ್ಲ.

ಆದರೂ ನನ್ನ ಅಂದಾಜು ತಪ್ಪಾಯಿತು ಎಂಬುದಷ್ಟೇ ನನ್ನನ್ನು ಕಾಡುವುದಿಲ್ಲ. ಒಂದು ವೇಳೆ ಅದು ಸರಿಯಾಗಿದ್ದರೆ? ಹುಡುಗ ಇನ್ನು ನಾಲ್ಕು ಅಂಗುಲ ಬೆಳೆದು, ಮೊಣಕಾಲು ಗಟ್ಟಿಯಾಗಿ ಉಳಿದು, ಭಾರತಕ್ಕೆ ಆಡಿದ್ದರೆ, ಅದೇ ನಾನು, ಅದೇ ಪ್ರಾರ್ಥನೆಯ ಮಾತು, ಅದೇ ಲೈನ್‌ಮನೆಯ ಒತ್ತಾಯ, ಎಲ್ಲವೂ "ಗುರುವಿನ ದೂರದೃಷ್ಟಿ" ಎಂದು ಪೇಪರಿನಲ್ಲಿ ಬರುತ್ತಿತ್ತು. ಮಾಡಿದ ಕೆಲಸ ಒಂದೇ. ಮೂಳೆ ಬೆಳೆಯಿತೋ ಇಲ್ಲವೋ ಎಂಬುದರ ಮೇಲೆ ಅದು ಪುಣ್ಯವಾಗುತ್ತದೆ ಅಥವಾ ಪಾಪವಾಗುತ್ತದೆ. ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಇದೇ ಪ್ರಶ್ನೆ ಎತ್ತಿದ್ದರು. ಹೆಂಡತಿ ಮಕ್ಕಳನ್ನು ಬಿಟ್ಟು ಚಿತ್ರ ಬರೆಯಲು ತಾಹಿತಿಗೆ ಹೋದ ಗೊಗ್ಯಾನ್ ಎಂಬ ಕಲಾವಿದನ ಉದಾಹರಣೆ ಕೊಟ್ಟು, ಅವನ ನಿರ್ಧಾರಕ್ಕೆ ಸಮರ್ಥನೆ ಇದೆಯೇ ಎಂಬುದು ಅವನು ದೊಡ್ಡ ಕಲಾವಿದನಾದನೇ ಎಂಬುದರ ಮೇಲೆ ನಿಂತಿದೆ, ಹೊರಡುವ ದಿನ ಅದು ಅವನಿಗೂ ಗೊತ್ತಿರಲು ಸಾಧ್ಯವಿಲ್ಲ ಎಂದರು. ನೀತಿಯಲ್ಲೂ ಅದೃಷ್ಟದ ಪಾಲು ಇದೆ ಎಂದು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ನಾನು ಮರೆಯಬಾರದು. ಗೊಗ್ಯಾನ್ ಜೂಜಿಗೆ ಇಟ್ಟದ್ದರಲ್ಲಿ ಅವನ ಬದುಕೂ ಸೇರಿತ್ತು. ನಾನು ಇಟ್ಟದ್ದು ಪೂರಾ ಇನ್ನೊಬ್ಬರ ಮಗನನ್ನು.

ಆ ವಾರದ ಮಧ್ಯೆ ಒಂದು ದಿನ ಹುಣಸೂರಿಗೆ ಹೋಗುವ ಕೆಲಸವಿತ್ತು. ತಿತಿಮತಿ ದಾಟಿ ಕಾಡಿನ ರಸ್ತೆ ಹಿಡಿದರೆ ಮತ್ತಿಗೋಡಿನ ಸಾಕಾನೆ ಶಿಬಿರ ಸಿಗುತ್ತದೆ. 2020ರಲ್ಲಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊರುವ ಕೆಲಸಕ್ಕೆ ಬಂದ ಅಭಿಮನ್ಯು ಇಲ್ಲಿಯವನೇ. ಅವನ ನಂತರ ಯಾರು ಎಂಬ ಮಾತು ಬಂದಾಗ ಭೀಮ, ಮಹೇಂದ್ರರ ಹೆಸರು ಕೇಳಿಬರುತ್ತಿತ್ತು. ನಮ್ಮೂರಿನ ಡ್ರಾಫ್ಟ್ ಅದು ಅನ್ನಿ. ಆದರೆ ಆನೆಯ ವಿಷಯದಲ್ಲಿ ಎಷ್ಟು ಎಚ್ಚರ ನೋಡಿ. ಅಂಬಾರಿಯ ತೂಕ ಸುಮಾರು 750 ಕಿಲೋ. ಆಗಸ್ಟಿನಲ್ಲಿ ಮೈಸೂರಿಗೆ ಹೋದ ಮೇಲೆ ಮೊದಲು ತೂಕ ನೋಡುತ್ತಾರೆ. ಕೆಲವು ದಿನ ಬರಿಮೈಯಲ್ಲಿ ನಡೆಸುತ್ತಾರೆ. ಆಮೇಲೆ ಮರಳಿನ ಮೂಟೆ ಹೊರಿಸಿ, ದಿನ ಕಳೆದಂತೆ ಭಾರ ಏರಿಸುತ್ತಾರೆ. ಮರದ ಅಂಬಾರಿ ಕಟ್ಟಿ ಅಭ್ಯಾಸ ಮಾಡಿಸುತ್ತಾರೆ. 60 ದಾಟಿದ ಆನೆಗೆ ಭಾರ ಹೊರಿಸಬಾರದೆಂದು ಅರ್ಜುನನಿಂದ ಅಂಬಾರಿ ಇಳಿಸಿ ಅಭಿಮನ್ಯುವಿಗೆ ಕೊಟ್ಟರು. ನಾವು ಮಾತ್ರ 20 ವರ್ಷದ ಹುಡುಗನ ಮೇಲೆ ಒಂದು ಸಂಜೆಯಲ್ಲಿ 2.4 ಕೋಟಿ ಹೊರಿಸುತ್ತೇವೆ, 19ರವನ ಮೇಲೆ ನೂರು ಕೋಟಿ ಜನರನ್ನು. ನಾನು 14ರವನ ಮೇಲೆ ಇಡೀ ಇಂಡಿಯಾವನ್ನೇ ಇಟ್ಟಿದ್ದೆ.

ಹಾಗಾದರೆ ಏನು ಮಾಡಬೇಕು? ಯಾರ ಭವಿಷ್ಯವನ್ನೂ ಹೇಳಬಾರದು, ಬಾಯಿ ಮುಚ್ಚಿಕೊಂಡಿರಬೇಕು ಎಂಬ ತೀರ್ಮಾನಕ್ಕೆ ಶನಿವಾರದ ಹೊತ್ತಿಗೆ ಬಂದಿದ್ದೆ. "ನನಗೆ ವಯಸ್ಸಾಯಿತು ಕಣೋ, ಈಗಿನ ಆಟ ಗೊತ್ತಾಗಲ್ಲ" ಎಂದು ಹೇಳಿ ಕಳಿಸುವುದು ಎಂದುಕೊಂಡೆ.

ಭಾನುವಾರ ಅವರು ಬಂದರು. ಮಳೆ ಜೋರಿತ್ತು. ಹುಡುಗಿ ಜಗಲಿಯ ಸಿಮೆಂಟಿನ ಮೇಲೆ ಚೆಂಡು ಬಡಿಯತೊಡಗಿದಳು. ನಾನು ಸಿದ್ಧಮಾಡಿಟ್ಟುಕೊಂಡ ಮಾತು ಬಿಟ್ಟು, ಯಾಕೋ ನಿಜವನ್ನೇ ಹೇಳಿದೆ: "ನಿನ್ನ ವಿಷಯದಲ್ಲಿ ತಪ್ಪು ಮಾಡಿದೆ. ಅವತ್ತು ಹಾಗೆ ಹೇಳಬಾರದಿತ್ತು. ಅದಕ್ಕೇ ಇವಳ ವಿಷಯದಲ್ಲಿ ಏನೂ ಹೇಳಲ್ಲ."

ಅವನು ಸ್ವಲ್ಪ ಹೊತ್ತು ಮಳೆ ನೋಡಿದ. ಆಮೇಲೆ ಹೇಳಿದ: "ನೀವು ಹೇಳದೇ ಇದ್ದಿದ್ರೆ ನಾನು ಲೈನ್‌ಮನೆ ಬಿಟ್ಟು ಹೋಗ್ತಾನೇ ಇರ್ಲಿಲ್ಲ ಸಾರ್. ನಮ್ಮಂಥೋರಿಗೆ ಯಾರು ಹೇಳ್ತಾರೆ, ನೀನು ಏನೋ ಆಗ್ತೀಯ ಅಂತ? ಆ ಮೂರು ವರ್ಷ ಹೊಟ್ಟೆ ತುಂಬ ಊಟ ಮಾಡ್ದೆ, ರೈಲು ಹತ್ತಿದೆ, ಸಮುದ್ರ ನೋಡ್ದೆ. ಅದರಲ್ಲೇನೂ ಬೇಜಾರಿಲ್ಲ."

"ಮತ್ತೆ ನನ್ನ ಕಂಡ್ರೆ ಯಾಕೆ ಅವಿತುಕೊಳ್ತಿದ್ದೆ?"

"ನಾಚಿಕೆ ಸಾರ್. ಆದ್ರೆ ನೀವು ಕರೀತೀರ ಅಂತ ಕಾಯ್ತಿದ್ದೆ. ಸಂಜೆ ಹೊತ್ತು ಶಾಲೆ ಗ್ರೌಂಡ್‌ ಹತ್ರ ನಿಂತ್ಕೊಳ್ತಿದ್ದೆ. ಒಂದ್ಸಲ, ಬಾರೋ, ಮಕ್ಕಳ ಜೊತೆ ಆಡು ಅಂದಿದ್ರೆ ಸಾಕಾಗಿತ್ತು. ನೀವು ಕರೀಲಿಲ್ಲ."

ಇಷ್ಟು ವರ್ಷ ನಾನು ನನ್ನ ತಪ್ಪನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ. 2002ರ ಆ ಬೆಳಗಿನ ಮಾತಿಗಿಂತ ದೊಡ್ಡ ತಪ್ಪು ನಡೆದದ್ದು 2006ರ ಸಂಜೆಗಳಲ್ಲಿ. ಅವನಿಗೆ ಮುಜುಗರವಾಗದಿರಲಿ ಎಂದು ಸುಮ್ಮನಿದ್ದೆ ಎಂದೆನಲ್ಲ, ಅದು ಸುಳ್ಳು. ಅವನು ನನ್ನ ಸೋತ ಭವಿಷ್ಯವಾಣಿಯಾಗಿದ್ದ. ಅವನ ಮುಖ ನೋಡಿದರೆ ಮುಜುಗರವಾಗುತ್ತಿದ್ದುದು ನನಗೆ.

ಒಬ್ಬರ ಭವಿಷ್ಯ ಹೇಳುವುದೇ ತಪ್ಪು ಎಂದು ಈಗ ನನಗೆ ಅನ್ನಿಸುವುದಿಲ್ಲ. ಮನೆಯಲ್ಲಿ ತೋಟ ಇದ್ದವನಿಗೆ ಯಾರ ಭರವಸೆಯೂ ಬೇಕಿಲ್ಲ, ಅವನ ದಾರಿ ಹೇಗೂ ತೆರೆದೇ ಇರುತ್ತದೆ. ಲೈನ್‌ಮನೆಯ ಹುಡುಗನಿಗೆ ಬೇಕು. ಮೌನವಾಗಿರುವುದು ನೀತಿ ಎಂದು ನಾನು ಅಂದುಕೊಂಡಿದ್ದು ನನ್ನ ರಕ್ಷಣೆಗೆ. ಆದರೆ ಭರವಸೆಯ ಮಾತಾಡಿದ ಕ್ಷಣ ಒಂದು ಸಾಲ ಹುಟ್ಟುತ್ತದೆ, ಮತ್ತು ಸಾಲಗಾರ ಆ ಮಾತು ಆಡಿದವನು, ಕೇಳಿಸಿಕೊಂಡವನಲ್ಲ. ಫಲಿಸಿದರೆ ಸಾಲ ತಾನಾಗಿ ತೀರುತ್ತದೆ, ಯಾರಿಗೂ ನೆನಪೂ ಇರುವುದಿಲ್ಲ. ಫಲಿಸದೇ ಹೋದರೆ ಟ್ರಂಕು ಹಿಡಿದು ಬಸ್ಸಿಳಿದವನ ಎದುರಿಗೆ ಹೋಗಿ ನಿಲ್ಲುವುದು ಮಾತಾಡಿದವನ ಪಾಲಿನ ಕಂತು. ಡಲ್ಲಾಸ್‌ನ ಮೇಜಿನ ಸುತ್ತ ಕೂತವರು, ನಮ್ಮ ಹೋಟೆಲಿನಲ್ಲಿ ಪೇಪರು ಹಿಡಿದವರು, ಪ್ರಾರ್ಥನೆಯಲ್ಲಿ ನಿಂತು ಕೂಗಿದ ನಾನು, ಎಲ್ಲರೂ ಮಾತಾಡಿ ಎದ್ದು ಹೋದವರೇ. ಕೂಪರ್ ಫ್ಲ್ಯಾಗ್ ದೊಡ್ಡ ಆಟಗಾರನಾಗಬಹುದು, ಆಗದೆಯೂ ಇರಬಹುದು. ಅದು ಅವನ ಮೂಳೆ, ಮನಸ್ಸು, ಅದೃಷ್ಟಕ್ಕೆ ಬಿಟ್ಟದ್ದು. ಆಗದಿದ್ದ ದಿನ ಆ ಊರು ಅವನನ್ನು ಹೇಗೆ ನೋಡುತ್ತದೆ ಎಂಬುದು ಮಾತ್ರ ಆ ಊರಿಗೆ ಬಿಟ್ಟದ್ದು.

ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ಪಾಠ ಕಣ್ಣೆದುರಿಗೇ ಇತ್ತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೊಡವ ಮನೆತನಗಳ ಹಾಕಿ ಹಬ್ಬದಲ್ಲಿ ಒಲಿಂಪಿಕ್ಸ್ ಆಡಿದವರ ಪಕ್ಕದಲ್ಲೇ ಹೊಟ್ಟೆ ಬಂದ ಚಿಕ್ಕಪ್ಪಂದಿರೂ, ಮನೆಯ ಸೊಸೆಯರೂ, ಶಾಲೆಯ ಮಕ್ಕಳೂ ಸ್ಟಿಕ್ ಹಿಡಿದು ಓಡುತ್ತಾರೆ. ಅಲ್ಲಿ ಯಾರೂ ಯಾರ ಭವಿಷ್ಯವನ್ನೂ ಕೇಳುವುದಿಲ್ಲ. ಮನೆತನದ ಹೆಸರು ಇದ್ದರೆ ತಂಡದಲ್ಲಿ ಜಾಗ ಉಂಟು, ಸೋತರೂ ಮುಂದಿನ ವರ್ಷ ಉಂಟು. ಅಂಥ ಮನೆತನದ ತಂಡ ಇಲ್ಲದ ಹುಡುಗನಿಗೆ ಶಾಲೆಯ ಗ್ರೌಂಡೇ ಆ ಜಾಗವಾಗಬೇಕಿತ್ತು. ಅದರ ಬಾಗಿಲು ಕಾಯುತ್ತಿದ್ದವನು ನಾನು.

ಹುಡುಗಿ ಚೆಂಡು ನಿಲ್ಲಿಸಿ ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಹತ್ತಿರ ಕರೆದೆ. "ನೀನು ಎಡಗೈಯಲ್ಲಿ ಚೆಂಡು ಬಡಿಯೋದು ಚೆನ್ನಾಗಿದೆ. ಈ ವಯಸ್ಸಿನಲ್ಲಿ ನಿಮ್ಮಪ್ಪನಿಗೆ ಅದು ಬರ್ತಿರ್ಲಿಲ್ಲ. ಆದ್ರೆ ಚೆಂಡನ್ನೇ ನೋಡ್ತಾ ಇರ್ತೀಯ. ತಲೆ ಎತ್ತಿ ಆಡೋದು ಕಲಿಬೇಕು" ಎಂದೆ.

"ಆಮೇಲೆ?" ಎಂದಳು.

"ಆಮೇಲೆ ಬಲಗೈ" ಎಂದೆ.

ಅವನು ನಕ್ಕ. ಮುಂದಿನ ಭಾನುವಾರ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದ. ಮಳೆ ಬಿಟ್ಟರೆ ಶಾಲೆಯ ಗ್ರೌಂಡಿಗೇ ಹೋಗೋಣ, ಹಳೆಯ ರಿಂಗು ಇನ್ನೂ ಇದೆ, ನೀನೂ ಶೂ ಹಾಕಿಕೊಂಡು ಬಾ ಎಂದು ಹೇಳಿದೆ. ಮೊಣಕಾಲು ಎಂದ. ನಿಂತಲ್ಲೇ ನಿಂತು ಚೆಂಡು ಎಸೆಯಲು ಮೊಣಕಾಲು ಅಷ್ಟೇನೂ ಬೇಡ ಎಂದೆ.